ತುರೈಸಿಂಗಂ ಮೇಷ್ಟ್ರ ಡಾಕ್ಟರುಗಳು

ಜಾಫ್ನಾದಲ್ಲಿ ನಮ್ಮ ತುರೈಸಿಂಗಂ ಮೇಷ್ಟ್ರ ತಾಳೆಗರಿ ಚಪ್ಪರಕ್ಕೆ ಜೀವಶಾಸ್ತ್ರದ ಟ್ಯೂಷನ್ನಿಗೆಂದು ಕಾಲಿಟ್ಟವರೆಲ್ಲ ಆ ಕ್ಷಣದಿಂದಲೇ ಡಾಕ್ಟರು. "ಡಾಕ್ಟರೇ, ಸೈಕಲ್ಲು ನೆರಳಿಗೆ ಹಾಕಿ", "ಡಾಕ್ಟರಮ್ಮಾ, ಆಕಳಿಕೆ ಆಮೇಲೆ" ಎನ್ನುವುದು ಅವರ ವಾಡಿಕೆ. ಕಪ್ಪೆಯ ಹೃದಯವನ್ನು ಹೊಟ್ಟೆಯೊಳಗೆ ಬರೆದ ನನಗೂ "ಡಾಕ್ಟರೇ, ಈ ರೋಗಿ ಉಳಿಯೋದು ಕಷ್ಟ, ಇನ್ನೊಂದ್ಸಲ ಬರೀರಿ" ಎಂದರೇ ಹೊರತು ದಡ್ಡ ಎನ್ನಲಿಲ್ಲ. ಹಾಗೆ ಕರೆಸಿಕೊಂಡು ಬೆನ್ನು ನೆಟ್ಟಗಾದ ಎಷ್ಟೋ ಮಂದಿ ನಿಜಕ್ಕೂ ಡಾಕ್ಟರಾಗಿ ಕೊಲಂಬೋ, ಲಂಡನ್ ಸೇರಿದರು. ನನ್ನ ಬೆನ್ನೂ ನೆಟ್ಟಗಾಯಿತು, ತಲೆ ಜೊತೆಗೆ ಬರಲಿಲ್ಲ. ಮೆಡಿಕಲ್ ಸೇರುವ ಪರೀಕ್ಷೆಗೆ ಸರ್ಕಾರ ಕೊಡುವ ಮೂರು ಅವಕಾಶಗಳಲ್ಲೂ ಫೇಲಾಗಿ ಈಗ ಸಂತೆಯ ಪಕ್ಕ ಕೋಳಿ ಮಾರುತ್ತೇನೆ. ಮೇಷ್ಟ್ರು ಇಂದಿಗೂ ಆ ಕೋಳಿಗಳ ಎದುರೇ "ಡಾಕ್ಟರೇ, ಸೌಖ್ಯವಾ" ಎನ್ನುತ್ತಾರೆ. ಕೋಳಿಗಳು ನಗುವುದೊಂದು ಬಾಕಿ. ಮೊನ್ನೆ ಅಂಗಡಿಯ ಬೆಂಚಿನಲ್ಲಿ ಕೂತು, ಹೆಂಡತಿಗೂ ತೋರಿಸದ ಪಾದವನ್ನು ನನ್ನ ಮುಂದೆ ಚಾಚಿದರು. ಸಕ್ಕರೆ ಕಾಯಿಲೆಯ ಹುಣ್ಣು, ಸುತ್ತ ಕಪ್ಪಗಾಗಿತ್ತು. "ಆಸ್ಪತ್ರೆ ಅಂದ್ರೆ ನಂಗೆ ಹೆದರಿಕೆ. ನೀವೇ ನೋಡಿ ಹೇಳಿ, ಡಾಕ್ಟರೇ." ಗರಿ ಅಂಟಿದ ಕೈ ತೊಳೆದು ಬಂದು, ಬಗ್ಗಿ ನೋಡಿ, "ಈಗಲೇ ಆಸ್ಪತ್ರೆಗೆ ಹೋಗ್ಬೇಕು, ಸೈಕಲ್ ಹತ್ತಿ ಸರ್" ಎಂದೆ. "ಡಾಕ್ಟರು ಹೇಳಿದ ಮೇಲೆ ಮುಗೀತು" ಎಂದು ಕೊಡೆ ಮಡಚಿ ಹಿಂದೆ ಕೂತರು. ಎದುರುಗಾಳಿಗೆ ಪೆಡಲು ತುಳಿಯುವಾಗಲೂ ನನ್ನ ಬೆನ್ನು ಬಾಗಲಿಲ್ಲ.