ಕಳ್ಳ ಹಾಜರಿ ಹೇಳಲಿಲ್ಲ

ಮೂಡಿಗೆರೆಯಿಂದ ಕಳಸದವರೆಗಿನ ಕಾಫಿ ತೋಟಗಳಲ್ಲಿ ರೈಟರ್ ಹುದ್ದೆಗೆ ಘನತೆ ತಂದವರ ಹೆಸರು ಹೇಳಹೊರಟರೆ ಶ್ರೀ ಗಂಗಾಧರಪ್ಪನವರಿಂದ ಆರಂಭಿಸಿ ಗಂಗಾಧರಪ್ಪನವರಲ್ಲೇ ಮುಗಿಸಬೇಕಾಗುತ್ತದೆ. ಬಣಕಲ್ ಸಮೀಪದ ರೇವಣ್ಣನವರ ಎಸ್ಟೇಟಿನಲ್ಲಿ ಮೂರು ದಶಕ ಆಳುಗಳ ಹಾಜರಿ ಹಿಡಿದ ಈ ಹಿರಿಯರು, ದಟ್ಟ ಮಂಜಿನಲ್ಲಿ ಎದುರು ಗುಡ್ಡದಲ್ಲಿ ಕೆಮ್ಮಿದವರು ಯಾರೆಂಬುದನ್ನು, ಅವರ ಅಜ್ಜ ಹೇಗೆ ಕೆಮ್ಮುತ್ತಿದ್ದರೆಂಬುದನ್ನೂ ಸೇರಿಸಿ ಹೇಳಬಲ್ಲವರು. ಕೂಸಿಗೆ ಜ್ವರವೆಂದು ತಡವಾಗಿ ಬಂದ ತಾಯಂದಿರಿಗೆ ಪೂರ್ತಿ ಹಾಜರಿ ಹಾಕಿ, ಸಾಹುಕಾರರ ಬೈಗುಳವನ್ನು ತಾವೇ ಉಂಡವರು. ಜಿಲ್ಲೆಯ ವಕೀಲರಲ್ಲಿ ನನಗೆ ಸರಿಸಾಟಿಯಿಲ್ಲವೆಂಬುದು ಲೋಕಕ್ಕೇ ತಿಳಿದ ವಿಷಯ. ಅಂಥ ನನ್ನ ಬಾಯಿ ಮುಚ್ಚಿಸಿದವರು ಇವರೊಬ್ಬರೇ.

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಇವರು ಒಬ್ಬರೇ ಓಡಿಸುತ್ತಿದ್ದ ಎಸ್ಟೇಟಿನ ಜೀಪನ್ನು ಮಂಕಿ ಕ್ಯಾಪ್ ತೊಟ್ಟವನೊಬ್ಬ ಅಡ್ಡಗಟ್ಟಿ, ತುಟಿ ಬಿಚ್ಚದೆ ಕತ್ತಿ ತೋರಿಸಿ, ಕಾಳುಮೆಣಸಿನ ಮೂಟೆಗಳ ಸಮೇತ ಒಯ್ದುಬಿಟ್ಟ. ಖಾಲಿ ಜೀಪು ಸಿಕ್ಕಿದ್ದು ಮೆಕ್ಯಾನಿಕ್ ನಿಯಾಜ್‌ನ ಗ್ಯಾರೇಜಿನ ಬಳಿ. ಪೊಲೀಸರು ಪಂಚಸಾಕ್ಷಿಗಳಿಲ್ಲದೆ, ಕಾರಣ ಬರೆದಿಡದೆ ಗ್ಯಾರೇಜಿನ ಬೀಗ ಒಡೆದರು. ಒಂದು ಮೂಟೆ ಸಿಕ್ಕಿತೆಂದರು. ನಿಯಾಜ್ ಮಳೆಗಾಲ ಪೂರ್ತಿ ಜೈಲಿನಲ್ಲಿ ಕಳೆದ. ಮಂಜಿನಲ್ಲೂ ಮನುಷ್ಯರನ್ನು ಗುರುತಿಸುವ ಗಂಗಾಧರಪ್ಪನವರೇ ಇವನನ್ನು ಗುರುತಿಸಿದ್ದಾರೆ ಎಂಬುದೇ ಪೊಲೀಸರ ಬ್ರಹ್ಮಾಸ್ತ್ರ. ಇವರ ಕೀರ್ತಿ ಉಳಿದರೆ ನಿಯಾಜ್ ವರ್ಷಗಟ್ಟಲೆ ಒಳಗಿರಬೇಕಿತ್ತು.

ನಿಯಾಜ್‌ನ ವಕೀಲನಾದ ನಾನು ಮುಳ್ಳಯ್ಯನಗಿರಿಯಷ್ಟೆತ್ತರದ ಪಾಟೀಸವಾಲು ಸಿದ್ಧಮಾಡಿಕೊಂಡು ಹೋಗಿದ್ದೆ. ಆದರೆ ಕಟಕಟೆ ಹತ್ತಿದ ಗಂಗಾಧರಪ್ಪನವರಿಗೆ ಮೊದಲ ಪ್ರಶ್ನೆ ಸರ್ಕಾರಿ ವಕೀಲರದು.

“ಅವತ್ತು ಬಂದವನು ಇಲ್ಲಿದ್ದಾನಾ?”

“ಗೊತ್ತಿಲ್ಲ ಸ್ವಾಮಿ.”

“ಮಂಜಲ್ಲಿ ಅಷ್ಟು ಆಳು ಗುರುತು ಹಿಡೀತೀರಂತೆ!”

“ಅವ್ರು ಹಾಜರಿ ಹೇಳ್ತಾರೆ, ದನೀಲಿ ಗೊತ್ತಾಗುತ್ತೆ. ಕಳ್ಳ ಹಾಜರಿ ಹೇಳ್ಲಿಲ್ಲ.”

“ಮತ್ತೆ ಗುರುತಿನ ಪರೇಡಲ್ಲಿ ಇವನನ್ನೇ ತೋರಿಸಿದ್ರಲ್ಲ?”

“ಹಿಂದಿನ ದಿನ ಸ್ಟೇಷನ್ನಲ್ಲಿ ಇವನನ್ನ ಕೂರಿಸಿ ತೋರಿಸಿದ್ರು. ಕಂಡ ಮುಖ ಅಂತ ಬೆರಳು ಮಾಡ್ದೆ. ತಪ್ಪಾಯ್ತು.”

“ಶೋಧದ ಮಹಜರಿಗೆ ನಿಮ್ಮದೇ ಸೈನ್ ಇದೆ!”

“ಅದು ಸ್ಟೇಷನ್ ಬೆಂಚಿನ ಮೇಲೆ ಹಾಕ್ಸಿದ್ದು. ಆ ಗ್ಯಾರೇಜು ಇವತ್ತಿಗೂ ನಾನು ನೋಡಿಲ್ಲ.”

ಕೋರ್ಟು ನಕ್ಕ ಸದ್ದಿಗೆ ದೂರದ ಬೆಟ್ಟದ ಮೇಲಿನ ಅತ್ತಿಗುಂಡಿಯ ಹಕ್ಕಿಗಳು ಹಾರಿದವು. ನ್ಯಾಯಾಧೀಶರು ನನ್ನತ್ತ ತಿರುಗಿ, “ನಿಮ್ಮದೇನಾದರೂ ಉಳಿದಿದೆಯೇ?” ಎಂದರು. ಜನ್ಮದಲ್ಲಿ ಮೊದಲ ಸಲ, ಇಲ್ಲವೆಂದೆ. ಗುರುತೂ ಶೋಧವೂ ನಂಬಲರ್ಹವಲ್ಲವೆಂದು ತೀರ್ಪಾಗಿ ನಿಯಾಜ್ ಬಿಡುಗಡೆಯಾದ. ಅವನ ತಾಯಿ ರೌಶನ್ ಬೀ ಕೋರ್ಟಿನ ಜಗಲಿಯಲ್ಲಿ ಕುಳಿತು ಅತ್ತರು.

ಸಾಕ್ಷಿ ಹೇಳಿದ ದಿನವೇ ಗಂಗಾಧರಪ್ಪನವರು ಹೊರಗೆ ಬಂದು ಎಸ್ಟೇಟಿನ ಬೀಗದ ಕೈಗೊಂಚಲನ್ನು ರೇವಣ್ಣನವರ ಮುಂದೆ ಹಿಡಿದಿದ್ದರು. “ತಗೊಳ್ಳಿ, ನಿಮ್ಮ ಕೇಸೇ ಕೆಡಿಸ್ದೆ, ಇನ್ನು ನನ್ನನ್ನ ಇಟ್ಕೋತೀರೋ ಇಲ್ವೋ.”

“ನಾಳೆ ಹಾಜರಿ ನಾನು ಹಿಡೀಲಾ? ಜೀಪ್ ಹತ್ತಿ ಮಾರಾಯ್ರೆ!” ಎಂದರು ಸಾಹುಕಾರರು.

ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ನೂರಲ್ಲ, ಇನ್ನೂರು ವರ್ಷ ಆಯುಸ್ಸಿರಲಿ. ಇನ್ನು ಮುಂದೆ ಕಾಫಿ ಗಿಡಗಳಾದರೂ ಇವರಿಗೆ ಹಾಜರಿ ಹೇಳುತ್ತಿರಲಿ. ಈ ಲೇಖನದ ಪ್ರತಿಯೊಂದು ಅಕ್ಷರವೂ ಸತ್ಯ. ಆದರೆ ದಯಮಾಡಿ ಅದಕ್ಕೆ ಇವರನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ.