ಬಾಣಂತಿ ಕೋಣೆಯ ಕಿಂಡಿ

ಕೊಳಕೂರಿನಲ್ಲಿ ಯಾರ ಮನೆಯ ಹೆಣ್ಣುಮಗಳಿಗಾದರೂ ದಿನ ತುಂಬಿತೆಂದರೆ ಮೊದಲು ಕರೆ ಹೋಗುತ್ತಿದ್ದದ್ದು ಸೂಲಗಿತ್ತಿಗಲ್ಲ, ಹಣಮವ್ವನಿಗೆ. ಗೋಡೆಗೆ ಮಣ್ಣು ಮೆತ್ತುವುದು ಅವಳ ಕಸುಬು. ಬಾಣಂತಿ ಕೋಣೆಯ ಕಿಂಡಿಗೆ ಕಲ್ಲು ತುರುಕಿ, ಕರಿಮಣ್ಣಿಗೆ ಸಗಣಿ, ಹೊಟ್ಟು ಕಲಸಿ ಬಳಿದು, ಸೂಜಿ ಮೊನೆಯಷ್ಟು ಬೆಳಕೂ ನುಸುಳದಂತೆ ಮುಚ್ಚಬೇಕು. ನಾಲ್ಕು ಗೋಡೆಗೂ ಅದೇ ಕರಿಮಣ್ಣು. ಒಳಗೆ ಹಗಲೆಲ್ಲ ಅಜವಾನದ ಹೊಗೆ. ಹಸಿಮೈಗೆ ಗಾಳಿ ತಾಗಬಾರದಂತೆ, ಬೆಳಕು ಬಡಿಯಬಾರದಂತೆ! ಮೂರು ತಿಂಗಳು ಹೆತ್ತವಳು ಹಾಗೆಯೇ ಬಿದ್ದಿರಬೇಕು. ಇದನ್ನೆಲ್ಲ ಹೇಳುವವರು ಮಾತ್ರ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತು ಹೇಳುತ್ತಿದ್ದರು.

ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಹಣಮವ್ವ ಇದನ್ನೇ ಮಾಡಿದಳು. ಕೈ ಕೆಸರಾದರೆ ಬಾಯಿ ಮೊಸರು ಎಂದ ಪುಣ್ಯಾತ್ಮ ಅವಳ ಮನೆಯ ಗಡಿಗೆಯನ್ನು ಇಣುಕಿ ನೋಡಿರಲಿಕ್ಕಿಲ್ಲ. ಇದ್ದವಳು ಒಬ್ಬಳೇ ಮಗಳು, ಭಾಗವ್ವ. ಚೊಚ್ಚಲ ಬಾಣಂತನಕ್ಕೆಂದು ಅವಳು ತವರಿಗೆ ಬಂದಾಗ ಹಣಮವ್ವ ತನ್ನ ಮನೆಯ ಕಿಂಡಿಯನ್ನೂ ಕೈಯಾರೆ ಮುಚ್ಚಿದಳು. ಮಗಳದೆಂದು ಎರಡು ಪದರ ಹೆಚ್ಚಿಗೇ ಮೆತ್ತಿದಳು. ತಿಂಗಳು ತುಂಬುವುದರೊಳಗೆ ಭಾಗವ್ವ ಮಾತು ಬಿಟ್ಟಳು, ಊಟ ಬಿಟ್ಟಳು, ಕೂಸಿಗೆ ಮೊಲೆ ಕೊಡುವುದನ್ನೂ ಬಿಟ್ಟಳು. ಊರವರು ದೆವ್ವ ಅಂದರು, ಗಾಳಿ ಅಂದರು. ಹಣಮವ್ವ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತಳು. ಐವತ್ತನೆಯ ದಿನ ಮಗಳು ಹೋದಳು, ಅವಳ ಬೆನ್ನಿಗೇ ಕೂಸೂ ಹೋಯಿತು. ಸೂತಕ ಕಳೆದು ಕೋಣೆ ಸಾರಿಸಲು ದೀಪ ಹಿಡಿದು ಹೋದಾಗ ಕಿಂಡಿಯ ಮಣ್ಣಿನ ಮೇಲೆ ಕೆರೆದ ಗೆರೆಗಳಿದ್ದವು. ಇಲಿ ಕೆರೆದಿರಬೇಕು ಎಂದುಕೊಂಡು ಹಣಮವ್ವ ಅವುಗಳ ಮೇಲೂ ಮಣ್ಣು ಬಳಿದಳು.

ಎರಡು ವರ್ಷವಾದ ಮೇಲೆ, ೧೯೩೯ರ ಚಳಿಗಾಲದಲ್ಲಿ, ಅದೇ ಊರಿನ ರೇವಣಪ್ಪನ ತಾಯಿ ಬಾಳಮ್ಮ ಹೇಳಿ ಕಳಿಸಿದಳು. ಅವಳ ಸೊಸೆ ನಿಂಬೆವ್ವ ಹೆತ್ತು ಇಪ್ಪತ್ತು ದಿನವಾಗಿತ್ತು. ತವರಿಲ್ಲದ ಹುಡುಗಿ, ಹಾಗಾಗಿ ಗಂಡನ ಮನೆಯಲ್ಲೇ ಬಾಣಂತನ. ಹೆರಿಗೆಗೆ ಮುಂಚೆ ಆ ಕೋಣೆಯ ಕಿಂಡಿ ಮುಚ್ಚಿದವಳೂ ಹಣಮವ್ವನೇ.

"ಕಿಂಡಿ ಮಣ್ಣು ಉದುರಾಕತ್ತಾದ. ಹಾಳಾದ ಇಲಿ ಕೆರ್ಯಾಕತ್ತಾವ. ಛಲೋತ್ನಾಗಿ ಮೆತ್ತಿ ಹೋಗು ಬೇ," ಎಂದಳು ಬಾಳಮ್ಮ.

"ಸೊಸಿ ಹೆಂಗದಾಳ್ರಿ?"

"ಏನ್ ಹೇಳ್ಲಿ! ಕಲ್ಲಿನಂಗ ಕುಂತಾಳ. ಕೂಸು ಅತ್ರೂ ಹೊಳ್ಳಿ ನೋಡವಲ್ಲಳು. ಗಾಳಿ ಸೋಕ್ಯಾದ."

ಹಣಮವ್ವ ಮಣ್ಣಿನ ಬುಟ್ಟಿ, ದೀಪ ಹಿಡಿದು ಒಳಗೆ ಹೋದಳು. ಕಿಂಡಿಯ ಹತ್ತಿರ ದೀಪ ಎತ್ತಿದಳು. ನಾಲ್ಕು ಗೆರೆ, ಪಕ್ಕದಲ್ಲಿ ಮತ್ತೆ ನಾಲ್ಕು ಗೆರೆ. ನಿಂಬೆವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಹಣಮವ್ವ ಒಂದು ಕೈಯನ್ನು ಎಳೆದು ನೋಡಿದಳು. ಉಗುರು ಮುರಿದಿದ್ದವು, ಸಂದಿಯಲ್ಲಿ ಕರಿಮಣ್ಣು, ಬೆರಳ ತುದಿಯಲ್ಲಿ ರಕ್ತ. ಎಂಥ ಇಲಿ! ಎಲ್ಲಿಯ ಇಲಿ! ಭಾಗವ್ವನ ಕೈಗಳನ್ನು ಯಾರೂ ಹೀಗೆ ಎಳೆದು ನೋಡಿರಲಿಲ್ಲ, ಹೆತ್ತ ತಾಯಿಯೂ ನೋಡಿರಲಿಲ್ಲ.

ಹಣಮವ್ವ ಮಣ್ಣಿನ ಬುಟ್ಟಿಯನ್ನು ಅಲ್ಲೇ ಕುಕ್ಕಿದಳು. ಪಡಸಾಲೆಗೆ ನುಗ್ಗಿ ಒನಕೆ ಎತ್ತಿಕೊಂಡು ಬಂದು ಕಿಂಡಿಗೆ ಗುದ್ದತೊಡಗಿದಳು.

"ಏ ಹುಚ್ಚಿ! ಬಾಣಂತಿ ಸಾಯ್ತಾಳ!" ಬಾಳಮ್ಮ ಬಾಯಿ ಬಡಿದುಕೊಂಡಳು.

"ನನ್ನ ಭಾಗಿ ಸತ್ತಾಗ ಕಿಂಡಿ ತೆರ್ದಿತ್ತೇನ್ರಿ? ಎಮ್ಮಿ ಈದ್ರ ಬಿಸಲಾಗ ಕಟ್ತೀರಿ, ಸೊಸಿ ಹಡದ್ರ ಗೋರ್ಯಾಗ ಇಡ್ತೀರಿ! ನಿಮ್ಮ ಶಾಸ್ತ್ರದ ಬಾಯಾಗ ಮಣ್ಣು ಬೀಳ್ಲಿ!"

ಗದ್ದಲ ಕೇಳಿ ರೇವಣಪ್ಪ ಓಡಿ ಬಂದ. ಒನಕೆ ಕಸಿಯಲು ಕೈ ಚಾಚಿದ.

"ಬಾರೋ ಯಪ್ಪಾ, ಬಾ. ಬಾಗ್ಲ ಹಾಕೊಂಡು ನೀ ಒಂದು ದಿನ ಇಲ್ಲಿ ಕುಂದ್ರು. ಸಂಜಿತನಾ ತಡದಿ ಅಂದ್ರ ನಾನೇ ಮತ್ತ ಮೆತ್ತತೇನಿ."

ಅವನು ಹೊಗೆಗೆ ಕೆಮ್ಮಿದ. ಹೆಂಡತಿಯ ಬೆರಳುಗಳನ್ನು ನೋಡಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತಾಯಿಗೆ, "ಸುಮ್ನಿರು ಯವ್ವಾ," ಎಂದ.

ಕಲ್ಲು ಹೊರಗೆ ಬಿದ್ದು ಬೆಳಕು ಬಂತು. ಬಂದ ಬೆಳಕನ್ನು ಕರಿ ಗೋಡೆ ನುಂಗಿಬಿಡುತ್ತಿತ್ತು. ಹಣಮವ್ವ ಗೊಣಗುತ್ತಲೇ ಮನೆಗೆ ಹೋಗಿ ಭೀಮೆಯ ದಂಡೆಯಿಂದ ತಂದಿಟ್ಟಿದ್ದ ಬಿಳಿಮಣ್ಣು ಹೊತ್ತು ತಂದಳು, ಕಲಸಿ ಎದುರಿನ ಗೋಡೆಗೆ ಬಳಿದಳು. ಗೋಡೆ ಆರುತ್ತ ಆರುತ್ತ ಬೆಳ್ಳಗಾಯಿತು, ಮೂಲೆಯ ತೊಟ್ಟಿಲವರೆಗೂ ಬೆಳಕು ಹರಡಿತು. ಕೂಸು ಕಣ್ಣು ಕಿವುಚಿ ಸೀನಿತು.

ನಿಂಬೆವ್ವ ಬಗ್ಗಿ ನೋಡಿದಳು. ತಾನು ಹೆತ್ತ ಕೂಸಿನ ಮುಖವನ್ನು ಹಗಲ ಬೆಳಕಿನಲ್ಲಿ ಅವಳು ನೋಡಿದ್ದು ಅದೇ ಮೊದಲು. ಇಪ್ಪತ್ತು ದಿನವಾಗಿತ್ತು, ಹಾಳಾಗಿ ಹೋಗಲಿ ಅಂಥ ಪದ್ಧತಿ! ಅದರ ಕಿವಿಯ ಹಿಂದಿನ ಮಚ್ಚೆಯನ್ನು ಮುಟ್ಟಿದಳು, ಎತ್ತಿಕೊಂಡಳು. ಆಮೇಲೆ ಹಣಮವ್ವನ ಕಡೆಗೆ ತಿರುಗಿದಳು. ಒಣಗಿದ ಗಂಟಲಿನಿಂದ ಸಿಟ್ಟೇ ಮೊದಲು ಬಂತು.

"ಇದು ಮುಚ್ಚಿದಾಕಿ ನೀನೇ ಅಲ್ಲೇನ?"

"ಹೌದವ್ವ."

"ನಿನಗೂ ಒಬ್ಬಾಕಿ ಮಗಳಿದ್ಳಂತಲ್ಲ. ಆಕಿದೂ ನೀನೇ ಮುಚ್ಚಿದಿ?"

ಊರವರು ಹೇಳಿದರು, ಹಿರಿಯರು ಮಾಡಿಕೊಂಡು ಬಂದದ್ದು, ನನಗೇನು ಗೊತ್ತಿತ್ತು—ಹೇಳಲು ಮಾತುಗಳಿಗೇನು ಬರವೇ? ಬಾಳಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಹೌದವ್ವ," ಎಂದಳು ಹಣಮವ್ವ. "ಆಕಿದೂ ನಾನೇ."

ನಿಂಬೆವ್ವ ಕೂಸನ್ನು ಎದೆಗೆ ಹಚ್ಚಿಕೊಂಡು ಕಿಂಡಿಯ ಕಡೆ ಮುಖ ಮಾಡಿ ಕೂತಳು. ಹಣಮವ್ವನತ್ತ ಮತ್ತೆ ತಿರುಗಿ ನೋಡಲಿಲ್ಲ.