ಹತ್ತು ಸಾವಿರದ ಒಂದು

ನಮ್ಮ ಕಡೆ ಮದುವೆಯ ಆಯೇರಿಗೆ, ಅಂದರೆ ಉಡುಗೊರೆಗೆ, ಬರೀ ನೂರು ಕೊಡುವವರಿಲ್ಲ. ಕೊಟ್ಟರೆ ನೂರಾ ಒಂದು. ಕೊನೆಗೊಂದು ಕೂಡಿಸಿದರೆ ಸಂಖ್ಯೆ ಒಡೆಯುವುದಿಲ್ಲ, ಸಂಸಾರವೂ ಒಡೆಯುವುದಿಲ್ಲವಂತೆ. ಮೂಡಲಗಿಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ನೂರಾ ಒಂದು ಅವಿಭಾಜ್ಯ ಸಂಖ್ಯೆ, ಒಪ್ಪಿದೆ. ಸಾವಿರದ ಒಂದನ್ನು ಏಳು, ಹನ್ನೊಂದು, ಹದಿಮೂರು ಮೂರೂ ಸಲೀಸಾಗಿ ಒಡೆಯುತ್ತವೆ. ಹುಕ್ಕೇರಿಯಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬರು ತಂಗಿಯ ಮದುವೆಗೆ ಸಾವಿರದ ಒಂದು ಕೊಟ್ಟೆನೆಂದು ಬೀಗಿದಾಗ, ಎಲ್ಲರೆದುರು ಭಾಗಿಸಿ ತೋರಿಸಿ ಅವರ ಮಾನ ಕಳೆದಿದ್ದೆ.

ಅದೇ ವರ್ಷ ಗೋಕಾಕದ ವಸತಿ ಕಾಲೇಜೊಂದರ ಒಂದೇ ಒಂದು ಉಚಿತ ಸೀಟಿಗೆ ಪರೀಕ್ಷೆ ನಡೆಯಿತು. ಪ್ರಶ್ನೆ ತೆಗೆದವನೂ ನಾನೇ, ತಿದ್ದಿದವನೂ ನಾನೇ. ಹತ್ತು ಸಾವಿರದ ಒಂದು ಅವಿಭಾಜ್ಯವೇ ಎಂದು ಕೇಳಿದ್ದೆ. ಹೌದೆಂಬುದೇ ನನ್ನ ಉತ್ತರ. ಸಾವಿರದ ಒಂದನ್ನು ಒಡೆದ ಅದೇ ಮೂರು ಸಂಖ್ಯೆಗಳಿಂದ ಭಾಗಿಸಿ ನೋಡಿದ್ದೆ, ಶೇಷ ಉಳಿಯಿತು, ಸಾಕೆನಿಸಿತು. ವರ್ಗಮೂಲದವರೆಗೆ, ಅಂದರೆ ನೂರರೊಳಗಿನ ಇಪ್ಪತ್ತೈದೂ ಅವಿಭಾಜ್ಯಗಳಿಂದ ಭಾಗಿಸದೆ ತೀರ್ಪು ಕೊಡಬೇಡಿ ಎಂದು ಮಕ್ಕಳಿಗೆ ಬೈದು ಕಲಿಸುತ್ತಿದ್ದ ಮಹಾಪಂಡಿತ ನಾನು! ಆಯೇರಿಯ ಆ ಒಂದು ನನ್ನ ತಲೆಯಲ್ಲೂ ಕೂತಿತ್ತೋ ಏನೋ.

ಯಮಕನಮರಡಿಯ ಕುರಿಗಾರರ ಮನೆಯ ಹುಡುಗಿಯೊಬ್ಬಳು "ಅಲ್ಲ" ಎಂದು ಬರೆದಿದ್ದಳು. ಕೆಳಗೆ ಬರೆದ ಲೆಕ್ಕವನ್ನು ಓದದೆ ಸೊನ್ನೆ ಸುತ್ತಿದೆ. ಆ ಒಂದು ಪ್ರಶ್ನೆಯಿಂದಲೇ ಅವಳಿಗೆ ಸೀಟು ತಪ್ಪಿತು.

ಸರಿಯುತ್ತರಗಳ ಜೊತೆ ಪಟ್ಟಿ ಹಚ್ಚಿದ ಮರುದಿನ ಅವಳಪ್ಪ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದ. "ಸರ, ಒಮ್ಮಿ ಗುಣಿಸಿ ನೋಡ್ರಿ ಅಂತ ಮಗಳು ಹೇಳ್ಯಾಳ್ರಿ," ಎಂದು ಚೀಟಿ ಚಾಚಿದ.

"ಕುರಿ ಎಣಸೂದು ಬ್ಯಾರೆ, ಗಣಿತ ಬ್ಯಾರೆ," ಎಂದೆ.

"ಖರೆ ಐತ್ರಿ," ಎಂದು ಚೀಟಿಯನ್ನು ಮೇಜಿನ ಮೇಲಿಟ್ಟು ಹೋದ.

ಅದನ್ನು ಎತ್ತಿಕೊಂಡವರು ಹುಕ್ಕೇರಿಯ ಸಹೋದ್ಯೋಗಿ. ಎಪ್ಪತ್ಮೂರು, ನೂರಾ ಮೂವತ್ತೇಳು ಎಂದು ಎರಡೇ ಸಂಖ್ಯೆಗಳಿದ್ದವು. ಅವರು ನಿಧಾನವಾಗಿ ಗುಣಿಸಿದರು. ಉತ್ತರ ಸರಿಯಾಗಿ ಹತ್ತು ಸಾವಿರದ ಒಂದು. ನಗಬಹುದಿತ್ತು, ನಗಲಿಲ್ಲ. "ಇನ್ನೂ ಟೈಮ್ ಐತ್ರಿ. ಈಗ ಗೋಕಾಕಕ್ಕ ಹೋಗಿ ಹೇಳ್ರಿ," ಎಂದರು.

ನಾನು ಹೋಗಲಿಲ್ಲ. ತಪ್ಪಾಯಿತೆಂದು ಯಾರೆದುರೂ ಹೇಳಿ ಗೊತ್ತಿಲ್ಲದ ನಾಲಿಗೆ ನನ್ನದು. ನಾಳೆ, ನಾಡಿದ್ದು ಎನ್ನುತ್ತ ವಾರ ಕಳೆದೆ. ಹೋಗುವ ಹೊತ್ತಿಗೆ ಸೀಟು ಬೇರೆಯವರ ಪಾಲಾಗಿತ್ತು.

ಅಲ್ಲಿಂದ ನೇರ ಯಮಕನಮರಡಿಗೆ ಹೋಗಿ, ಅವಳ ಮನೆಯ ಅಂಗಳದಲ್ಲಿ ನಿಂತು ತಪ್ಪು ನನ್ನದೆಂದೆ. ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ.

"ನಾ ಎರಡರಿಂದ ಸುರು ಮಾಡಿದ್ನಿರಿ, ಸರ. ಇಪ್ಪತ್ತ ಅವಿಭಾಜ್ಯಕ್ಕ ಒಡೀಲಿಲ್ಲ. ಇಪ್ಪತ್ತೊಂದನೇದು ಎಪ್ಪತ್ಮೂರು, ಅದಕ್ಕ ಒಡೀತ್ರಿ. ನೀವು ಎಷ್ಟ ನೋಡಿದ್ರಿ?"

"ಮೂರು," ಎಂದೆ.